ಗಾಯರಾಣ ಉಳಿಸುತ್ತೇವೆ ಎಂದವರು

ಕೇಳಿರಿ ಮಕ್ಕಳೇ, ಇಂದು ನರೋಣಾದ ನಮ್ಮ ಗುಡಿಕಟ್ಟೆಯ ಮೇಲೆ ಮೂರು ಪಕ್ಷದ ಅಭ್ಯರ್ಥಿಗಳೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ಪರಿಸರ ಸಂಘದ ಹುಡುಗಿಯರು ಚುನಾವಣೆಗೆ ಮೊದಲೇ ಬರೆಯಿಸಿಕೊಂಡ ಮಾತು ಅದು. ದನ ಮೇಯುವ, ಚಿಗರಿ ಮರಿ ಹಾಕುವ ನಮ್ಮ ಗಾಯರಾಣದಲ್ಲಿ ಯಾರು ಗೆದ್ದರೂ ರಸ್ತೆಗೆ ಹಾಕುವ ಮುರುಮ್ ಮಣ್ಣು ಅಗೆಯಲು ಬಿಡಬಾರದು. ಅಗೆದರೆ ಕೆಳಗಿನ ನಮ್ಮ ಓಣಿಯ ಬಾವಿ ಬತ್ತುತ್ತದೆ. ಆಮೇಲೆ ಈ ಬಿಸಿಲಿನಲ್ಲಿ ಚಿಗರಿಯೂ ಇಲ್ಲ, ನಾವೂ ಇಲ್ಲ.

ಮೂವರೂ ಓದದೆಯೇ ಸಹಿ ಹಾಕಿದ್ದು ನೋಡಿ ನನಗೆ ನಂಬಿಕೆ ಬರಲಿಲ್ಲ. ನಮ್ಮಲ್ಲಿ ಮಾತು ಕೊಡುವವರು ವಿಭೂತಿ ಮುಟ್ಟಿ ಕೊಡುತ್ತಾರೆ. ಮನೆಗೆ ಓಡಿ ವಿಭೂತಿ ಗಟ್ಟಿ ತಂದು ಮುಂದೆ ಹಿಡಿದೆ.

"ಇದನ್ನ ಮುಟ್ಟಿ ಹೇಳ್ರಿ ಎಪ್ಪಾ."

ಒಬ್ಬ "ಫೋನ್ ಬಂತ್ರಿ" ಎಂದು ಎದ್ದು ಹೋದ. ಇನ್ನೊಬ್ಬ "ಆಯಿ, ನಾ ಜಳಕ ಮಾಡಿಲ್ಲ" ಎಂದ.

"ಜಳಕಾ ಮಾಡ್ದೇ ವೋಟ್ ಕೇಳಾಕ ಬಂದೀ ಏನಲೇ?"

ಜನ ನಕ್ಕರು. ಮೂರನೆಯವನು ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ: "ಆಯಿ, ನಿನ್ ಮನಿ ಗಾಯರಾಣದ ಬಾಜೂಕೇ ಅದಲ್ಲ? ಮೊಮ್ಮಗಳು ಒಬ್ಬಾಕಿನೇ ಆ ದಾರಿಲೇ ಸಾಲಿಗಿ ಹೋಗ್ತಾಳೇನು?"

ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು, ಮೊಮ್ಮಗಳು ಎಲ್ಲಿದ್ದಾಳೆಂದು ನೋಡಲು ಓಡಿದೆ.

ಇಷ್ಟು ವರ್ಷ ಯಾವ ಪಕ್ಷದವನೂ ನಮ್ಮ ಹುಡುಗಿಯ ಓದು ವಿಚಾರಿಸಿದ್ದಿಲ್ಲ. ಇವನು ವಿಚಾರಿಸಿದ್ದಕ್ಕೆ ನಾಳೆಯಿಂದ ಅವಳ ಕೈ ಹಿಡಿದು ನಾನೂ ಶಾಲೆಗೆ ಹೊರಟಿದ್ದೇನೆ. ನಡುವೆ ಬಿಟ್ಟ ನನ್ನ ಮೂರನೇ ಇಯತ್ತೆ ಚುನಾವಣೆ ಮುಗಿಯುವುದರೊಳಗೆ ಪಾಸಾದರೂ ಆದೀತು.