ಮೌನದ ಮಠದಲ್ಲಿ ಆಯಿ ಮತ್ತು ಅತ್ತೆ

ಇವತ್ತು ಬೆಳಿಗ್ಗೆ ಅವರ್ಸಾ ಊರಿನ ನಮ್ಮ ಮನೆಯಲ್ಲಿ ಒಣ ಶೆಟ್ಲಿ ಹುರಿಯುತ್ತಿದ್ದರು. ನೀವು ಸಿಗಡಿ ಎನ್ನುತ್ತೀರೇನೋ. ಆ ವಾಸನೆಗೆ ಕೆಲವರಿಗೆ ಹಸಿವಾಗುತ್ತದೆ, ಕೆಲವರು ಕಿಟಕಿ ಮುಚ್ಚುತ್ತಾರೆ. ನನಗೆ ಮಾತ್ರ ಬುದ್ಧನ ನೆನಪಾಗುತ್ತದೆ. ಇದರಲ್ಲಿ ಬುದ್ಧನ ತಪ್ಪೇನಿಲ್ಲ, ಎಲ್ಲ ನಮ್ಮ ಅತ್ತೆಯದು.

ಅತ್ತೆ ಎಂದರೆ ಅಪ್ಪನ ಅಕ್ಕ, ಹಣಕೋಣ ಊರಿನವಳು. ನನ್ನ ಮದುವೆಯ ಮರುದಿನ ಅವಳು ಮಾಡಿದ ಬಂಗಡೆ ಮೀನಿನ ಸಾರನ್ನು ಉಂಡ ಆಯಿ, ಅಂದರೆ ನನ್ನ ಅಮ್ಮ, ಬೀಗರ ಎದುರೇ "ಉಪ್ಪು ಒಂಚೂರು ಮುಂದಾಯ್ತು" ಎಂದುಬಿಟ್ಟಳು. ಅಷ್ಟೇ. ಏಳು ವರ್ಷ ಇಬ್ಬರಿಗೂ ಮಾತಿಲ್ಲ. ಒಂದೇ ಜಗಲಿಯಲ್ಲಿ ಕೂತು, ನಡುವೆ ನನ್ನನ್ನು ಕೂರಿಸಿಕೊಂಡು, "ನಿನ್ನ ಆಯಿಗೆ ಹೇಳು", "ನಿನ್ನ ಅತ್ತೆಗೆ ಹೇಳು" ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ದಿನವೂ ಎರಡು ಕೋಣೆಗಳಲ್ಲಿ ಬೇರೆ ಬೇರೆ ಅತ್ತರು.

ಕಳೆದ ವರ್ಷ ನನ್ನ ಹೆಂಡತಿ ಧೈರ್ಯ ಮಾಡಿ ಇಬ್ಬರನ್ನೂ ನಮ್ಮ ಜೊತೆ ಶ್ರೀಲಂಕಾ ಪ್ರವಾಸಕ್ಕೆ ಹೊರಡಿಸಿದಳು. ನಾಲ್ಕನೆಯ ದಿನ ಬೆಟ್ಟದ ಮೇಲಿನ ಒಂದು ಬೌದ್ಧ ಮಠಕ್ಕೆ ಹೋದೆವು. ಬಾಗಿಲಲ್ಲೇ ಫಲಕವಿತ್ತು: ಒಳಗೆ ಯಾರೂ ಮಾತಾಡುವಂತಿಲ್ಲ.

"ನಿನ್ನ ಅತ್ತೆಗೆ ಹೇಳು, ಇಲ್ಲಿ ಮಾತಾಡೂಕಿಲ್ವಂತೆ" ಎಂದಳು ಆಯಿ.

"ನಿನ್ನ ಆಯಿಗೆ ಹೇಳು, ನಮಗೆ ಏಳು ವರ್ಷದಿಂದ ರೂಢಿ ಅದೆ" ಎಂದಳು ಅತ್ತೆ.

ಧ್ಯಾನದ ಕೋಣೆಯಲ್ಲಿ ವಯಸ್ಸಾದ ಭಿಕ್ಷುವೊಬ್ಬರ ಎದುರು ಸಾಲಾಗಿ ಕೂತು ಕಣ್ಣು ಮುಚ್ಚಿದೆವು. ನಾನು ಎಷ್ಟು ಆಳಕ್ಕಿಳಿದೆನೆಂದರೆ ಹೆಂಡತಿ ಎರಡು ಸಲ ತಿವಿದು ಗೊರಕೆ ನಿಲ್ಲಿಸಬೇಕಾಯಿತು. ಮೂರನೆಯ ಸಲ ಎಚ್ಚರವಾದದ್ದು ಆಯಿಯ ಕೂಗಿಗೆ.

"ಅತ್ಗೇ! ನಿಮ್ಮ ಚೀಲದಾಗೆ ಬೆಕ್ಕು ಹೊಕ್ತು!"

ಪರದೇಶದ ಊಟ ಸೇರದಿದ್ದರೆ ಇರಲಿ ಎಂದು ಅತ್ತೆ ಗುಟ್ಟಾಗಿ ಒಂದು ಡಬ್ಬಿ ಶೆಟ್ಲಿ ಚಟ್ನಿ ತಂದಿದ್ದಳು. ಮಠದ ಬೆಕ್ಕು ಚೀಲದಿಂದ ಬಾಲವನ್ನಷ್ಟೇ ಹೊರಗಿಟ್ಟುಕೊಂಡಿತ್ತು. ಅತ್ತೆ ಬಾಲ ಹಿಡಿದಳು, ಆಯಿ ಚೀಲ ಹಿಡಿದಳು, ಚಟ್ನಿ ಚೆಲ್ಲಿತು. ಆ ಭಿಕ್ಷುವಿನ ಭುಜ ಕುಣಿಯುತ್ತಿತ್ತು. ನಗು ತಡೆಯಲಾರದೆ ಅವರು ಬಾಗಿಲತ್ತ ಕೈ ತೋರಿಸಿದರು.

ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ಏದುಸಿರು ಬಿಡುತ್ತ ಕೂತರು.

"ಚಟ್ನಿ ತಂದ್ರೆ ನಂಗೂ ಕೊಡೂಕಾಗಿಲ್ವಾ? ನಾಲ್ಕು ದಿನದಿಂದ ನನ್ನ ಬಾಯಿ ಕೆಟ್ಟೋಗ್ಯದೆ" ಎಂದಳು ಆಯಿ.

"ನೀ ಕೇಳಿದ್ಯಾ?" ಎಂದ ಅತ್ತೆ ಡಬ್ಬಿಯ ತಳ ನೋಡುತ್ತ, "ನನ್ನ ತಮ್ಮಂಗೆ ಇದಂದ್ರೆ ಜೀವ ಆಗಿತ್ತು" ಎಂದಳು.

ಆಯಿ ಮೆಲ್ಲಗೆ, "ಕಡೇ ವಾರದಲ್ಲೂ ಕೇಳಿದ್ರು, ಅತ್ಗೆ. ಅಕ್ಕನ ಕೈದೇ ಬೇಕು ಅಂದ್ರು. ನಾ ನಿಮಗೆ ಫೋನ್ ಮಾಡ್ಲಿಲ್ಲ" ಎಂದಳು.

ಅತ್ತೆ ಡಬ್ಬಿಯಲ್ಲಿ ಉಳಿದಿದ್ದನ್ನು ಬಳಿದು ಆಯಿಯ ಅಂಗೈಗೆ ಹಾಕಿದಳು. ಇಬ್ಬರೂ ಅಲ್ಲೇ ಜೊತೆಯಾಗಿ ಅತ್ತರು. ನಾವಿಬ್ಬರು ದೂರದಲ್ಲಿ ಚಪ್ಪಲಿ ಹುಡುಕುವವರಂತೆ ನಟಿಸಿದೆವು.

ಇವತ್ತು ಬೆಳಿಗ್ಗೆ ಇದೆಲ್ಲ ನೆನಪಾಗಿ, ಕೆಲಸಕ್ಕೆ ಹೋಗುವಾಗ ಕೈಗಾ ಬಸ್ಸಿನಲ್ಲಿ ಒಬ್ಬ ಸಹೋದ್ಯೋಗಿಯ ಪಕ್ಕ ಹೋಗಿ ಕೂತೆ. ಕಿಟಕಿ ಸೀಟಿನ ಜಗಳದಿಂದ ಎರಡು ವರ್ಷ ನಾವು ಮಾತು ಬಿಟ್ಟಿದ್ದೆವು. "ತಿಂಡಿ ಆಯ್ತಾ ಮಾರಾಯಾ?" ಎಂದೆ.

ಅವನು ಗಾಬರಿಯಿಂದ ನನ್ನ ಮುಖ ನೋಡಿದ. "ಯಾಕಾ, ಯಾರಾದ್ರೂ ತೀರ್ಕೊಂಡ್ರಾ?"

"ಇನ್ನೂ ಇಲ್ಲ, ಅದಕ್ಕೇ ಈಗ್ಲೇ ಕೇಳ್ದೆ" ಎಂದೆ.