ಮಾವ ಮೇಯಿಸಿದ ಪೌಂಡು

ಮೊನ್ನೆ ಕೂಡ್ಲಿಗಿಯಿಂದ ಕೊಟ್ಟೂರಿಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಕಂಬಳಿ ಹಸಿಯಾಗಿತ್ತು. ಉಣ್ಣೆ, ಕುರಿ, ಬೀಡಿ ಮೂರೂ ಬೆರೆತ ವಾಸನೆ. ಬೇರೆ ದಿನವಾಗಿದ್ದರೆ ಕಿಟಕಿ ಸರಿಸುತ್ತಿದ್ದೆ. ಅವತ್ತು ಕೈ ಏಳಲಿಲ್ಲ. ಎದುರು ಮನೆಯ ಮಾವ ನೆನಪಾದರು...

ರಕ್ತಸಂಬಂಧವೇನೂ ಇರಲಿಲ್ಲ, ಓಣಿಯ ವರಸೆಯಲ್ಲಿ ಮಾವ. ಸಂತೆಯಲ್ಲಿ ಕುರಿ ಕೊಂಡು ಮಾರುವವರು. ಟವೆಲ್ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದರಲ್ಲಿ ಎತ್ತಿದ ಕೈ. ಮೊಣಕಾಲು ಕೈಕೊಟ್ಟ ಮೇಲೆ ಸಂತೆ ತಪ್ಪಿತು. ಅತ್ತೆ ಕುರಿ ಮೇಯಿಸಲು ಹೋದರೆ ಇವರಿಗೆ ಮೊಬೈಲೇ ಗತಿ. ಹಾಗೇ ಒಂದು ವಿಡಿಯೊದಲ್ಲಿ ಬೇರೆ ದೇಶದ ಹಣ ಕೊಂಡು ಮಾರುವ ವ್ಯವಹಾರ ಕಣ್ಣಿಗೆ ಬಿತ್ತು. ಗುರುವಿಲ್ಲ, ಪುಸ್ತಕವಿಲ್ಲ, ನೋಡಿ ನೋಡಿಯೇ ಕಲಿತರು. ನಾನು ಬಟ್ಟೆ ಹೊಲಿಯುವವಳು. ಪಿಯುಸಿ ಓದಿದ ತಪ್ಪಿಗೆ ಓಣಿಯಲ್ಲಿ ಯಾರ ಮೊಬೈಲಿಗೆ ಇಂಗ್ಲಿಷ್ ಬಂದರೂ ನನ್ನ ಮಷಿನ್ ನಿಲ್ಲುತ್ತಿತ್ತು.

"ಇದೂ ಸಂತಿನೇ ಯವ್ವಾ. ಟವೆಲ್ ಒಂದಿಲ್ಲ ನೋಡು," ಎನ್ನುತ್ತಿದ್ದರು ಮಾವ.

ಮೊದಲು ಆ್ಯಪ್‌ನವರು ಕಲಿಯಲೆಂದು ಕೊಡುವ ಸುಳ್ಳು ದುಡ್ಡಿನಲ್ಲಿ ಆಡಿದರು. ಗೆದ್ದರು. ಅದೇ ಕೆಟ್ಟದ್ದಾಯಿತು. ಆಮೇಲೆ ನಿಜವಾದ ದುಡ್ಡು ಸ್ವಲ್ಪ ಮುಂಗಡ ಕಟ್ಟಿ, ಅದರ ಹತ್ತಾರು ಪಟ್ಟು ಇಂಗ್ಲೆಂಡಿನ ಪೌಂಡ್ ಕೊಂಡರು. ಕೊಂಡದ್ದೇ ತಡ, ಅದು ಇಳಿಯತೊಡಗಿತು. ಹೋದಷ್ಟು ಹೋಗಲಿ, ಮಾರಿಬಿಡಿ ಎಂದೆ. ವಿಡಿಯೊದವನೂ ಅದನ್ನೇ ಹೇಳಿದ್ದ.

"ಬಡಕಲಾದ ಕುರೀನ ಸಂತ್ಯಾಗ ಬಿಟ್ಟು ಬರ್ತಾರೇನು? ಮನಿಗೆ ಹೊಡಕೊಂಡು ಬಂದು ಮೇಯಿಸಬೇಕು. ಮೈ ತುಂಬಿದ ಮ್ಯಾಲೆ ಮಾರಬೇಕು."

ಜೀವಮಾನವಿಡೀ ಅವರು ಮಾಡಿದ್ದು ಅದನ್ನೇ. ಮನೆ ಕಟ್ಟಿದ್ದೂ ಅದರಲ್ಲೇ. ಇನ್ನು ಯಾರ ಮಾತು ನಾಟೀತು? ಬೆಲೆ ಇಳಿದಷ್ಟೂ ಮುಂಗಡ ತುಂಬಬೇಕು, ಪೌಂಡಿಗೆ ಆ ಮೇವು ಹಾಕಲು ಮತ್ತೆ ಮತ್ತೆ ದುಡ್ಡು ಬೇಕಾಯಿತು. ಅತ್ತೆಯ ಹಿಂಡಿನಿಂದ ಒಂದೊಂದೇ ಕುರಿ ಹೊರಟಿತು. ಮರಿ ಹಾಕುವ ಕುರಿಗಳನ್ನಾದರೂ ಉಳಿಸಿ ಎಂದು ಅತ್ತೆ ಬೇಡಿಕೊಂಡರು. ಆಮೇಲೆ ಬೇಡುವುದನ್ನೂ ಬಿಟ್ಟರು. ದಿನಾ ಸಂಜೆ ಸಣ್ಣದಾಗುತ್ತ ಹೋದ ಆ ಹಿಂಡನ್ನು ನೋಡಿ ನನಗೇ ದಣಿವಾಗುತ್ತಿತ್ತು...

ಒಂದು ಬೆಳಿಗ್ಗೆ ಮಾವ ಮೊಬೈಲ್ ಹಿಡಿದು ಬಂದರು. ಕಟ್ಟಿದ ಹಣ ಕರಗಿದರೆ ಆ್ಯಪ್‌ನವರು ಕಾಯುವುದಿಲ್ಲ, ತಾವೇ ಮಾರಿ ಲೆಕ್ಕ ಮುಗಿಸುತ್ತಾರೆ. ರಾತ್ರಿಯೇ ಹಾಗೆ ಮಾರಿಬಿಟ್ಟಿದ್ದಾರೆ ಎಂದು ಓದಿ ಹೇಳಿದೆ. ಹಿಂಡಿನಲ್ಲಿ ಅಷ್ಟು ಹೊತ್ತಿಗೆ ಒಂದು ಕುಂಟು ಕುರಿ ಮಾತ್ರ ಉಳಿದಿತ್ತು.

"ನನ್ನ ಬೆರಳು ಹಿಡೀದೇ ಮಾರಿದ್ರೇನು?" ಎಂದು ಕೇಳಿದರು.

ಆಮೇಲೆ ಅವರು ಆ ವಿಷಯ ಎತ್ತಲೇ ಇಲ್ಲ. ಮರುವರ್ಷ ಎದೆನೋವು ನೆಪವಾಗಿ ಹೋಗಿಬಿಟ್ಟರು. ಅತ್ತೆ ಕೂಲಿಗೆ ಹೋಗತೊಡಗಿದರು.

ಮೊನ್ನೆ ಬಸ್ಸಿಳಿದು ಸೀದಾ ಅತ್ತೆಯ ಮನೆಗೇ ಹೋದೆ. ಯಾರದೋ ಶೇಂಗಾ ತಂದು ಸುಲಿಯುತ್ತಿದ್ದರು. ಮಾವ ನೆನಪಾದರು ಎಂದೆ. ಅತ್ತೆ ತಲೆ ಎತ್ತಲಿಲ್ಲ. ಸುಲಿಯುತ್ತಲೇ, "ಆ ಪೌಂಡ್ ಈಗ ಹೆಂಗೈತಿ, ನೋಡ್ತಿಯೇನವ್ವಾ?" ಎಂದರು. ಇಷ್ಟು ವರ್ಷದಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು.

ಮೊಬೈಲ್ ತೆಗೆದು ನೋಡಿದೆ. ಸುಳ್ಳು ಹೇಳಬಹುದಿತ್ತು. ಅದಕ್ಕೂ ತ್ರಾಣ ಇರಲಿಲ್ಲ.

"ಏರೈತ್ರಿ ಅತ್ತಿ. ಮಾವಾರು ಕೊಂಡಿದ್ದಕ್ಕಿಂತ ಮ್ಯಾಲೈತಿ."

ಅತ್ತೆಯ ಕೈ ನಿಂತಿತು. ಮಾವ ಹೇಳಿದ ಹಾಗೆ ಅದು ಮೈ ತುಂಬಿಕೊಂಡಿತ್ತು, ಆದರೆ ನಮ್ಮ ದೊಡ್ಡಿಯಲ್ಲಿ ಅಲ್ಲ. ಅಷ್ಟನ್ನು ಅತ್ತೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇಷ್ಟು ದಿನ ಅವ್ರನ್ನ ಬೈಕೋತ ಹೊತ್ತು ಕಳದೆ," ಎಂದರು. "ಇನ್ನ ಅದೂ ಇಲ್ಲ ನೋಡವ್ವಾ."