ಎಳೆ ಹರಿದದ್ದು ಯಾರಿಂದ

ಮನೆಯಲ್ಲಿ ಅವಳನ್ನು ಎಲ್ಲರೂ ಚೂಟಿ ಎನ್ನುತ್ತಿದ್ದರು. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಅವಳ ಕೆಲಸ. ಒಂದೇ ಒಂದು ಡಿಎನ್‌ಎ ಅಣುವಿನ ಎರಡು ತುದಿಗೂ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿ ಅಂಟಿಸಿ, ಆ ಮಣಿಗಳನ್ನು ಲೇಸರ್ ಬೆಳಕಿನಲ್ಲಿ ಹಿಡಿದು ಮೆಲ್ಲಗೆ ಎಳೆಯುವುದು. ಎಷ್ಟು ಬಲಕ್ಕೆ ಎಷ್ಟು ಹಿಗ್ಗುತ್ತದೆ, ಎಲ್ಲಿ ಹರಿಯುತ್ತದೆ ಎಂದು ಅಳೆಯುವುದು. ನೆಂಟರು ಕೇಳಿದರೆ "ದಾರ ಎಳೀತೀನಿ" ಅಂದುಬಿಡುತ್ತಿದ್ದಳು. ಯಾವ ಬಟ್ಟೆ ಗಿರಣಿ ಎಂದು ಅವರು ವಿಚಾರಿಸುತ್ತಿದ್ದರು.

ದೊಡ್ಡಪ್ಪನಿಗೆ ಮಾತ್ರ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಬಾಯಿ ತೆರೆದರೆ ಮುಚ್ಚುವ ಪೈಕಿಯವರಲ್ಲ. ಒಂದು ಬೆಳಿಗ್ಗೆ ಹಠ ಹಿಡಿದು ಅವಳ ಜೊತೆಗೇ ಬಂದರು.

"ನೋಡಿ ದೊಡ್ಡಪ್ಪ, ಇಲ್ಲಿ ಮಾತಾಡಿದ್ರೂ ಎಳೆ ನಡುಗುತ್ತೆ. ಉಸಿರು ಬೇಕಾದ್ರೆ ಬಿಡಿ, ಮಾತು ಬೇಡ." ಅದರಲ್ಲಿ ಅರ್ಧ ವಿಜ್ಞಾನ, ಅರ್ಧ ಇಷ್ಟು ವರ್ಷ ಅವರ ಮಾತು ಕೇಳಿದ್ದರ ಸೇಡು.

ದೊಡ್ಡಪ್ಪ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕುಳಿತರು. ಪರದೆಯ ಮೇಲೆ ಬಲ ತೋರಿಸುವ ಗೆರೆ ಏರತೊಡಗಿತು. ಮೊದಮೊದಲು ಎಳೆ ಸಲೀಸಾಗಿ ಬಿಚ್ಚಿಕೊಂಡಿತು, ಆಮೇಲೆ ಸೆಟೆದು ನಿಂತಿತು. ಇನ್ನಷ್ಟು ಎಳೆದಾಗ ಹಠ ಬಿಟ್ಟು ಒಮ್ಮೆಲೇ ಉದ್ದವಾಯಿತು. ಚೂಟಿ ಬಹಳ ದಿನದಿಂದ ಕಾದಿದ್ದ ಗೆರೆ ಅದು. ಅದೇ ಹೊತ್ತಿಗೆ ದೊಡ್ಡಪ್ಪನ ಗಂಟಲು ಕೆರೆಯಿತು. ತಡೆದೂ ತಡೆದೂ ಕಡೆಗೆ ಮೇಜು ಹಿಡಿದುಕೊಂಡೇ ಕೆಮ್ಮಿದರು. ಗೆರೆ ಕುಪ್ಪಳಿಸಿ ಸೊನ್ನೆಗೆ ಬಿತ್ತು. ಎಳೆ ಹರಿದಿತ್ತು.

ಸರಿಯಾಗಿ ಆಗಲೇ, ಬೂಟು ಟಕಟಕ ಎನ್ನಿಸುತ್ತ ವಿಭಾಗದ ಮುಖ್ಯಸ್ಥರು ಒಳಗೆ ಬಂದರು. ಆ ಸದ್ದಿಗೂ ಗೆರೆ ಕುಣಿಯುತ್ತದೆಂದು ಹೇಳಲು ಚೂಟಿಗೆ ಎಂದೂ ಧೈರ್ಯ ಬಂದಿರಲಿಲ್ಲ.

"ಏನಾಯ್ತು?"

ಅವಳು ಉತ್ತರಿಸುವ ಮೊದಲೇ ದೊಡ್ಡಪ್ಪ ಎದ್ದು ನಿಂತು, ಅತಿ ವಿನಯದಿಂದ, "ನಿಮ್ಮ ಬೂಟು, ಸಾರ್. ಚೆನ್ನಾಗೇ ಬರ್ತಿತ್ತು. ಮೆಟ್ಟಿಲಲ್ಲಿ ಸದ್ದಾಯ್ತು ನೋಡಿ, ಪಟ್ ಅಂತ ಹೋಯ್ತು" ಎಂದರು.

ಮುಖ್ಯಸ್ಥರು ಪರದೆ ನೋಡಿದರು, ಬೂಟು ನೋಡಿಕೊಂಡರು. "ಹೌದೇನಮ್ಮ?"

ಚೂಟಿ ನೆಲ ನೋಡುತ್ತ, "ಬೂಟಿಗೂ ಅಲುಗುತ್ತೆ ಸಾರ್" ಎಂದಳು. ಅದೇನೂ ಸುಳ್ಳಲ್ಲ.

ಮರುದಿನದಿಂದ ಅವರು ಬೂಟು ಹೊರಗೆ ಬಿಟ್ಟು ಬೆಕ್ಕಿನಂತೆ ಬರತೊಡಗಿದರು. ಒಂದು ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಆ ವಾರವೇ ಹೊಸ ಎಳೆಯೊಂದರ ಗೆರೆ ಕೊನೆಯವರೆಗೂ ನಡುಗದೆ ಬಂತು. ಮುಖ್ಯಸ್ಥರು ಅದನ್ನು ಪಕ್ಕದ ವಿಭಾಗದವರಿಗೆಲ್ಲ ತೋರಿಸಿ, ಇದೆಲ್ಲ ಬೂಟು ಬಿಟ್ಟಿದ್ದರ ಫಲ ಎಂದರು. ಚೂಟಿಗೆ ಒಳಗೊಳಗೇ ಚುಚ್ಚಿತು. ತಿದ್ದಲು ಮಾತ್ರ ಹೋಗಲಿಲ್ಲ.

ಅಂದು ಸಂಜೆ ದೊಡ್ಡಪ್ಪ ಫೋನ್ ಮಾಡಿದರು. "ಮತ್ತೆ ಯಾವಾಗ ಬರ್ಲಿ?"

"ಯಂತ್ರ ರಿಪೇರಿಗೆ ಹೋಗಿದೆ ದೊಡ್ಡಪ್ಪ."

"ಹೋಗ್ಲಿ ಬಿಡು. ಅಲ್ಲಿ ಇನ್ನೂ ಯಾರ್ಯಾರಿಗೆ ಏನೇನು ಹೇಳ್ಬೇಕು ಅಂತ ಯೋಚ್ನೆ ಮಾಡಿಟ್ಟಿರು, ಬಂದು ಹೇಳ್ತೀನಿ."